ಗಟ್ಟಿ ಮಾಡಿಸಿದ ಎಂಜಿನ್

ನಾನು ಹುಟ್ಟಾ ಅಂಜುಬುರುಕಿ. ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ. ಸೇಡಂನ ನಮ್ಮ ಓಣಿಯಲ್ಲಿ ಹಾವು ಕಂಡರೆ ಜನ ಕೋಲು ಹುಡುಕುತ್ತಾರೆ, ನಾನು ಹಗ್ಗ ಕಂಡರೂ ಕಟ್ಟೆ ಏರಿ ನಿಲ್ಲುತ್ತೇನೆ. ನನ್ನ ಗಂಡ ಅಂಬಾರಾಯರು ಇದಕ್ಕೆ ಪೂರಾ ಉಲ್ಟಾ. ಬಾಡಿಗೆ ಕಾರು ಓಡಿಸುವ ಮನುಷ್ಯ, ಬ್ರೇಕು ಹತ್ತದಿದ್ದರೂ ಹಾರ್ನು ಬಾರಿಸಿಕೊಂಡು ಊರು ಮುಟ್ಟುವ ಪೈಕಿ. ದೇವರು ನಮ್ಮಿಬ್ಬರನ್ನು ಗಂಟು ಹಾಕಿದ್ದು ಒಬ್ಬರ ಪಾಲಿನ ಅಂಜಿಕೆಯನ್ನೂ ಇನ್ನೊಬ್ಬರು ಅಂಜಲಿ ಎಂದೇ ಇರಬೇಕು.

ನಮ್ಮ ಕಾರು ಹಳೆಯದು. ಪೆಟ್ರೋಲು ತುಟ್ಟಿಯಾದ ಮೇಲೆ ಇವರು ಅದರ ಎಂಜಿನ್ ತೆಗೆಸಿ ಡೀಸೆಲ್ ಎಂಜಿನ್ ಕೂಡಿಸಿದ್ದರು. ಸೇಡಂನಿಂದ ಚಿಂಚೋಳಿಯವರೆಗೆ ಅದು ಗಡಗಡ ಎನ್ನುತ್ತ ಹೋಗುತ್ತಿತ್ತು. ಚಿಂಚೋಳಿ ದಾಟಿ ಕುಂಚಾವರಂ ಘಾಟಿ ಬಂತೆಂದರೆ ಮಾತ್ರ ಹಟ ಹಿಡಿದ ಎಮ್ಮೆಯ ಹಾಗೆ ನಿಂತುಬಿಡುವುದು. ಜನ ಇಳಿದು ದಬ್ಬಬೇಕು. 'ಅಂಬಾರಾಯನ ಕಾರಿನಾಗ ಕುಂತ್ರ ಅರ್ಧ ಹಾದಿ ನಡೀಬೇಕು' ಎಂದು ಸ್ಟ್ಯಾಂಡಿನಲ್ಲಿ ಎಲ್ಲರೂ ನಗುತ್ತಿದ್ದರು. ಇವರಿಗೆ ಆ ಮಾತು ಮುಳ್ಳಾಗಿ ನಟ್ಟಿತ್ತು.

ಆ ಘಾಟಿಯ ಆಚೆಗೇ, ಕುಂಚಾವರಂಗೆ, ನಮ್ಮ ಒಬ್ಬಳೇ ಮಗಳು ಅಮೃತಮ್ಮನನ್ನು ಕೊಟ್ಟಿದ್ದೆವು. ಅವಳಿಗೆ ಅದು ಚೊಚ್ಚಲು. ಸೀಮಂತದ ಕುಬಸ ಮುಗಿದಿತ್ತು, ಇನ್ನು ಬಾಣಂತನಕ್ಕೆ ಸೇಡಂಗೆ ಕರೆತರಬೇಕು. ನಮ್ಮಲ್ಲಿ ಬಸುರಿಯನ್ನು ಏಳನೇ ತಿಂಗಳಲ್ಲಿ ತರುತ್ತಾರೆ, ಎಂಟು ಬಿತ್ತೆಂದರೆ ಹೊಸ್ತಿಲು ದಾಟಿಸುವುದಿಲ್ಲ. ಒಂಬತ್ತರಲ್ಲಿ ತಂದರಾಯಿತು ಎನ್ನಬಹುದು, ಆದರೆ ತುಂಬಿದ ಹೊಟ್ಟೆಯನ್ನು ಆ ಘಾಟಿಯ ಕಲ್ಲುಗಳ ಮೇಲೆ ಕುಲುಕಿಸಲು ನನ್ನ ಎದೆ ಒಪ್ಪುತ್ತಿರಲಿಲ್ಲ. ಬಸ್ಸಿನಲ್ಲಿ ಕೂಡಲು ಜಾಗ ಸಿಗುತ್ತಿರಲಿಲ್ಲ. ಉಳಿದದ್ದು ನಮ್ಮ ಕಾರೇ. ಕುಂಚಾವರಂನಿಂದ ಬರುವಾಗಲೂ ಹಳ್ಳದ ಹತ್ತಿರ ಒಂದು ಕಡಿದಾದ ಏರು ಇತ್ತು. ಅಲ್ಲಿ ಕಾರು ಹಿಂದಕ್ಕೆ ಜಾರಿದರೆ ಎಂಬ ಕನಸು ಬಿದ್ದು ನಾನು ಎಷ್ಟೋ ಸಲ ಬೆವೆತು ಏಳುತ್ತಿದ್ದೆ.

ಹೀಗಿರುವಾಗ ಹೆದರಿದವಳ ಮೇಲೆ ಹಾವು ಎಸೆದ ಹಾಗೆ, ಇವರು ಶಹಾಬಾದಿನಿಂದ ಒಂದು ಕಬ್ಬಿಣದ ವಸ್ತು ಹೊತ್ತು ತಂದರು. ಫರಸಿ ಕಲ್ಲಿನ ಖಣಿಯಲ್ಲಿ ಗುಜರಿಗೆ ಹಾಕಿದ್ದ ಯಾವುದೋ ಯಂತ್ರದ್ದಂತೆ. ನೋಡಲು ದೊಡ್ಡ ಶಂಖದ ಹಾಗಿತ್ತು. ಹೆಸರು ಟರ್ಬೊ ಎಂದರು. ಇದನ್ನು ಎಂಜಿನ್ನಿಗೆ ಹಾಕಿದರೆ ಘಾಟಿಯನ್ನು ಕಾರು ಮೇಕೆಯಂತೆ ಏರುತ್ತದೆ ಎಂದರು.

ಹಾಕುವವನು ವಾಡಿಯ ಹಾಜಿಮಲಂಗ್. ರೈಲು ಹಳಿಯ ಹಿಂದೆ ಅವನ ಶೆಡ್ಡು. ನಾನೂ ಬರುತ್ತೇನೆ ಎಂದು ಹಟ ಹಿಡಿದು ಹೋದೆ. ಹಾಜಿಮಲಂಗ್ ಆ ಶಂಖವನ್ನು ತಿರುವಿ ತಿರುವಿ ನೋಡಿ, ಒಳಗಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ, ಇವರಿಗೆ ಕೇಳಿದ.

"ಎಂಜಿನ್ ಬಿಚ್ಚಿ ಗಟ್ಟಿ ಮಾಡಸ್ತೀಯೋ, ಹಂಗೇ ಕೂಡಸ್ಲೋ?"

"ಹಂಗೇ ಕೂಡ್ಸು," ಎಂದರು ಇವರು.

"ಗಟ್ಟಿ ಮಾಡೂದಂದ್ರ ಏನಪಾ?" ಎಂದೆ ನಾನು.

"ನೋಡ್ರಿ ಅಕ್ಕಾ, ಇದು ಎಂಜಿನ್ ಬಿಡೂ ಹೊಗಿ ಮ್ಯಾಲ ತಿರಗತದ. ತಿರುಗಿ ಎಂಜಿನ್ದಾಗ ಗಾಳಿ ತುರಕತದ. ಗಾಳಿ ಹೆಚ್ಚಾದ್ರ ಡೀಸೆಲ್ ಹೆಚ್ಚು ಸುಡತದ, ತಾಕತ್ತು ಬರತದ. ಆ ತಾಕತ್ತು ತಡಕೊಳ್ಳಾಕ ಒಳಗಿನ ಸಾಮಾನು ಹಳೇವು. ಪಿಸ್ಟನ್, ರಾಡಿನ ಬೋಲ್ಟು, ಮ್ಯಾಲಿನ ಗ್ಯಾಸ್ಕೆಟ್ ಎಲ್ಲಾ ಹೊಸಾವು ಹಾಕಬೇಕು."

"ಹಾಕದಿದ್ರ?"

ಅವನು ಇವರ ಮುಖ ನೋಡಿದ. ಇವರು ಕಣ್ಣು ಸನ್ನೆ ಮಾಡಿದ್ದು ನನಗೂ ಕಂಡಿತು.

"ಹೇಳು, ನಾ ಕೇಳಾಕತ್ತೀನಿ," ಎಂದೆ.

"ಒಂದೊಂದ್ಸಲ ರಾಡು ಮುರದು ಎಂಜಿನ್ ಹೊಟ್ಟಿ ಹರಕೊಂಡು ಹೊರಗ ಬರತದ್ರಿ."

ಹೊಟ್ಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಸೆರಗು ಬಿಗಿಹಿಡಿದು ಅಲ್ಲೇ ಒಂದು ಟಯರಿನ ಮೇಲೆ ಕುಳಿತೆ. ಇವರಿಗೆ ಸಿಟ್ಟು ಬಂತು.

"ಸಾವಕಾಶ ಓಡಿಸಿದ್ರ ಏನೂ ಆಗಲ್ಲ ಅಂದಿದ್ದೆಲ್ಲೋ."

"ಅಂದೀನಿ. ಗಾಳಿ ಕಮ್ಮಿ ಇಟ್ರ ಬಿಚ್ಚದನೂ ನಡೀತದ. ಖರೇ, ನೀ ಸಾವಕಾಶ ಓಡಸಾಂವೇನು?"

ಆದರೆ ಇವರ ತಕರಾರಿಗೂ ಅರ್ಥವಿತ್ತು. ಬಿಚ್ಚಿದರೆ ಸಾಮಾನು ಹೈದರಾಬಾದಿನಿಂದ ಬರಬೇಕು, ಅಷ್ಟರಲ್ಲಿ ಮಗಳಿಗೆ ಏಳು ಮುಗಿದರೆ ಎಲ್ಲವೂ ನೀರಲ್ಲಿ ಹೋಮ. ಟರ್ಬೊ ಹಾಕುವುದೇ ಬೇಡ ಎಂದು ನಾನೂ ಅಂದು ನೋಡಿದೆ. 'ಹಂಗಾರ ಹಳ್ಳದ ಏರಿನಾಗ ಬಸರಿ ಹೆಂಗಸು ಇಳದು ಕಾರು ದಬ್ಬಲೇನು' ಎಂದರು. ಕೊನೆಗೆ ಬೇಸತ್ತು, "ನೀನೇ ಹೇಳು, ಹೆಂಗ ಮಾಡಿದ್ರೂ ಅಂಜಾಕಿ ನೀನೇ," ಎಂದು ನನ್ನ ಮೇಲೆ ಬಿಟ್ಟರು.

ಮದುವೆಯಾದಾಗಿನಿಂದ ಯಾವುದನ್ನೂ ನನ್ನ ಮೇಲೆ ಬಿಟ್ಟವರಲ್ಲ. ತಡವಾದರೆ ಒಂದು ಅಂಜಿಕೆ, ಎಂಜಿನ್ ಒಡೆದರೆ ಇನ್ನೊಂದು. ತಡವನ್ನು ಹೇಗಾದರೂ ಸಂಭಾಳಿಸಬಹುದು, ಮಗಳ ಕಾಲ ಹತ್ತಿರ ಕಬ್ಬಿಣದ ರಾಡು ಹೊರಬಂದರೆ ಏನು ಮಾಡುವುದು ಎನಿಸಿತು.

"ಬಿಚ್ಚಿಸ್ರಿ," ಎಂದೆ.

ಸಾಮಾನು ಬರಲು ತಡವಾಯಿತು. ತಿಂಗಳ ಲೆಕ್ಕಕ್ಕೆ ದಿನಾ ಸಂಜೆ ಚಂದ್ರನನ್ನು ನೋಡಿ ನೋಡಿ ನನಗೆ ಚಂದ್ರನ ಮೇಲೇ ಸಿಟ್ಟು ಬರತೊಡಗಿತು. ಅಂತೂ ಏಳು ತೀರಲು ಇನ್ನೂ ಹತ್ತು ಹನ್ನೆರಡು ದಿನ ಇರುವಾಗ ಕಾರು ಬಂತು. ಇವರು ಪರೀಕ್ಷೆಗೆಂದು ಒಂದಷ್ಟು ದಿನ ಜನರನ್ನು ತುಂಬಿಕೊಂಡು ಘಾಟಿ ಏರಿಳಿದರು. ಒಬ್ಬರೂ ದಬ್ಬಲಿಲ್ಲ. ಸ್ಟ್ಯಾಂಡಿನಲ್ಲಿ ನಕ್ಕವರನ್ನೇ ಕರೆದು ಕೂಡಿಸಿಕೊಂಡು ಹೋಗಿ ಬಂದರಂತೆ.

ಅಮೃತಮ್ಮನನ್ನು ತರಲು ಹೊರಟ ದಿನ ನಾನೂ ಅದರಲ್ಲಿ ಮೊದಲ ಸಲ ಕುಳಿತೆ. ಘಾಟಿಯಲ್ಲಿ ಎಂಜಿನ್ ಒಳಗಿಂದ ಒಂದು ಸಣ್ಣ ಸಿಳ್ಳು ಏಳುತ್ತಿತ್ತು. ನನಗೆ ಆ ಸಿಳ್ಳು ಕೇಳಿದಷ್ಟೂ ಹೊತ್ತು ಜೀವ ಕೈಯಲ್ಲಿ. ಏರು ಮುಗಿದ ಕೂಡಲೇ ಇವರು ಗುಂಡಿ ಎಳೆದು ಎಂಜಿನ್ ಬಂದ್ ಮಾಡಿ, ಗೇರು ತೆಗೆದು, ಕಾರನ್ನು ಇಳುಕಲಿಗೆ ಬಿಟ್ಟರು. ನಮ್ಮ ಕಡೆಯ ಡ್ರೈವರುಗಳಿಗೆಲ್ಲ ಇದೇ ರೂಢಿ, ಏರಿನಲ್ಲಿ ಸುಟ್ಟ ಡೀಸೆಲನ್ನು ಇಳುಕಲಲ್ಲಿ ಉಳಿಸಿಕೊಳ್ಳುವುದು. ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ಪ್ರಯಾಣದಲ್ಲಿ ನನಗೆ ಅಂಜಿಕೆ ಆಗದೆ ಇದ್ದದ್ದು ಅಂಥ ಇಳುಕಲುಗಳಲ್ಲಿ ಮಾತ್ರ.

ಬೀಗರ ಮನೆಯಲ್ಲಿ ಊಟ ಮುಗಿಸಿ, ಮಗಳಿಗೆ ಉಡಿ ತುಂಬಿಸಿಕೊಂಡು ಹೊರಟೆವು. ಹಿಂದಿನ ಸೀಟಿಗೆ ದಪ್ಪ ಕೌದಿ ಮಡಚಿ ಹಾಕಿ ಅವಳನ್ನು ಕೂಡಿಸಿದ್ದೆ. ಅವಳು ಎಂದಿನಂತೆ ಮಾತಾಡಲಿಲ್ಲ. ತವರಿಗೆ ಹೊರಟರೂ ಗಂಡನನ್ನು ಬಿಟ್ಟು ಬರುವ ಬೇಸರ ಇರಬೇಕೆಂದು ನಾನೂ ಸುಮ್ಮನಾದೆ.

ಹಳ್ಳದ ಏರಿನಲ್ಲಿ ಸಿಳ್ಳು ಬದಲಾಯಿತು. ಸಣ್ಣಗಿದ್ದದ್ದು ಒಡೆದ ದನಿಯಾಗಿ ಕಿರುಗುಟ್ಟತೊಡಗಿತು. ಹಿಂದೆ ತಿರುಗಿ ನೋಡಿದರೆ ರಸ್ತೆಯೇ ಕಾಣುತ್ತಿಲ್ಲ, ಅಷ್ಟು ನೀಲಿ ಹೊಗೆ.

"ಹೊಗಿ ಬರಾಕತ್ತದ," ಎಂದೆ.

"ಬರ್ಲಿ ಬಿಡು, ಏರಿನಾಗ ಬರತದ," ಎಂದರು.

ಏರು ಮುಗಿಯಿತು. ಇವರು ಗೇರು ತೆಗೆದು ಗುಂಡಿ ಎಳೆದರು. ಎಂಜಿನ್ ನಿಲ್ಲಲಿಲ್ಲ. ಮತ್ತೆ ಎಳೆದರು. ನಿಲ್ಲುವುದಿರಲಿ, ಸದ್ದು ಏರತೊಡಗಿತು. ಕಾಲು ಎಕ್ಸಲೇಟರಿನ ಮೇಲಿಲ್ಲ, ಎರಡೂ ಕಾಲು ಬ್ರೇಕಿನ ಕಡೆಗಿವೆ. ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿ, ಚಾವಿ ಕಿತ್ತು ಕೈಯಲ್ಲಿ ಹಿಡಿದರು. ಚಾವಿ ಕೈಯಲ್ಲಿದೆ, ಎಂಜಿನ್ ಚೀರುತ್ತಿದೆ. ಡೀಸೆಲ್ ನಿಂತರೂ ಅದು ತನ್ನದೇ ಎಣ್ಣೆ ಕುಡಿದು ಓಡುತ್ತಿತ್ತು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಕಾರಿಗೆ ದೆವ್ವ ಹೊಕ್ಕಿತು ಎಂದೇ ತಿಳಿದೆ.

ಗೇರು ಹಾಕಿ ಅದನ್ನು ಅಡಗಿಸಲು ನೋಡಿದರು. ಬ್ರೇಕು ತುಳಿದಿದ್ದರೂ ಕಾರು ಮುಂದಕ್ಕೆ ನೆಗೆಯಿತು. ಮುಂದೆ ಹತ್ತಿರದಲ್ಲೇ ಪ್ರಪಾತ. ಇವರು ತಟ್ಟನೆ ಕ್ಲಚ್ಚು ಒತ್ತಿ, ಗೇರು ತೆಗೆದು, ಹ್ಯಾಂಡ್‌ಬ್ರೇಕು ಎಳೆದರು. ಆಗ ಇವರ ಮುಖ ನೋಡಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅಲ್ಲಿ ಅಂಜಿಕೆ ಕಂಡಿತು. ನಾನು ಅಂಜಿದಾಗಲೆಲ್ಲ ಈ ಮುಖ ನೋಡಿ ಸಮಾಧಾನ ಮಾಡಿಕೊಂಡವಳು, ಇನ್ನು ಯಾರ ಮುಖ ನೋಡಲಿ?

"ಇಳೀರಿ, ದೂರ ಹೋಗ್ರಿ," ಎಂದರು.

ಮಗಳ ರಟ್ಟೆ ಹಿಡಿದು ಇಳಿಸಿ, ರಸ್ತೆ ಬದಿಯ ಬಂಡೆಯ ಹಿಂದೆ ಕೂಡಿಸಿದೆ. ಎಂಜಿನ್ ಒಡೆಯುತ್ತದೆ, ಈಗ ಒಡೆಯುತ್ತದೆ ಎಂದು ಕಿವಿ ಮುಚ್ಚಿಕೊಂಡೆ. ಅದು ಒಡೆಯಲಿಲ್ಲ. ಹಳೆಯ ಎಂಜಿನ್ನಾಗಿದ್ದರೆ ಎಂದೋ ಬೋಲ್ಟು ಕಡಿದುಕೊಂಡು ನಿಂತಿರುತ್ತಿತ್ತೇನೋ. ಇದು ಹೊಸ ಪಿಸ್ಟನ್ನಿನ, ಹೊಸ ಬೋಲ್ಟಿನ ಎಂಜಿನ್, ಸಾಯಲು ಒಲ್ಲದೆ ಚೀರುತ್ತಲೇ ಇತ್ತು. ಗಟ್ಟಿ ಮಾಡಿಸಿದವಳು ನಾನೇ.

ಇವರು ಮುಂದಿನ ಮುಚ್ಚಳ ಎತ್ತಿದ್ದರು. ಹೊಗೆಯೊಳಗಿಂದ ಕೂಗಿದರು.

"ಕೌದಿ ತಾ."

ನನ್ನ ಕಾಲು ಏಳಲಿಲ್ಲ. ದೇವರಾಣೆ, ಏಳಲಿಲ್ಲ. ಎರಡನೇ ಸಲ ಕೂಗಿದಾಗ ಎದ್ದೆ. ಧೈರ್ಯ ಬಂದು ಎದ್ದದ್ದಲ್ಲ. ಅದು ಸಿಡಿದರೆ ಬಂಡೆಯ ಹಿಂದೆ ಕುಳಿತವಳನ್ನೂ ಬಿಡುವುದಿಲ್ಲ ಎಂಬ ಅಂಜಿಕೆಯೇ ನನ್ನನ್ನು ದಬ್ಬಿತು. ನಡುಗುವ ಕಾರಿನ ಬಾಗಿಲು ತೆರೆದು ಕೌದಿ ಎಳೆದು ಓಡಿದೆ. ಇವರು ಗಾಳಿ ಎಳೆಯುವ ಕೊಳವೆಯ ಮೂತಿಯನ್ನು ಬಿಚ್ಚಿದ್ದರು. ಇಬ್ಬರೂ ಕೌದಿಯ ಮಡಿಕೆಯನ್ನು ಆ ಬಾಯಿಗೆ ಒತ್ತಿ ಹಿಡಿದೆವು. ಅದು ಬಟ್ಟೆಯನ್ನು ಒಳಕ್ಕೆ ಸೆಳೆಯಿತು, ಕೆಮ್ಮಿತು, ಕಾರೆಲ್ಲ ಅಲುಗಿತು. ಆಮೇಲೆ ನಿಂತಿತು.

ಇವರ ಅಂಗೈ ಸುಟ್ಟು ಕೆಂಪಾಗಿತ್ತು. ನಾನು ಸೆರಗು ಹರಿದು ಕಟ್ಟುತ್ತ ಕೇಳಿದೆ.

"ಬಾಯಿ ಮುಚ್ಚಬೇಕಂತ ನಿಮಗ ಹೆಂಗ ಗೊತ್ತಾತು?"

"ಹಾಜಿಮಲಂಗ್ ಹೇಳಿದ್ದ. ಹಿಂಗಾದ್ರ ಗಾಳಿ ಬಂದ್ ಮಾಡು ಅಂದಿದ್ದ."

"ಹಿಂಗಾಗತದಂತ ಹೇಳಿದ್ದನೇನು?"

ಇವರು ನೆಲ ನೋಡಿದರು. "ಏರಿದ ಕೂಡ್ಲೇ ಬಂದ್ ಮಾಡಬ್ಯಾಡ ಅಂದಿದ್ದ. ಎಂಜಿನ್ ನಿಂತ್ರೂ ಆ ಚಕ್ರ ತಿರಗ್ತಾನೇ ಇರತದಂತ, ಎಣ್ಣಿ ಮಾತ್ರ ಹೋಗಂಗಿಲ್ಲ. ಒಣಗಿ ಸವದ್ರ ಆ ಎಣ್ಣಿ ಗಾಳಿ ಕೂಡ ಎಂಜಿನ್ದಾಗ ಸೋರತದಂತ. ಸ್ವಲ್ಪ ಹೊತ್ತು ಸುಮ್ಮನ ಓಡಿಸಿ, ಆರಿದ ಮ್ಯಾಲ ಬಂದ್ ಮಾಡು ಅಂದಿದ್ದ. ರೂಢಿ ಬಿದ್ದ ಕೈ, ನೆನಪೇ ಹೋಗ್ತಿತ್ತು."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಅಂಜತಿದ್ದಿ."

ಹೌದು, ಅಂಜುತ್ತಿದ್ದೆ. ಏರು ಮುಗಿದಾಗಲೆಲ್ಲ ಇವರ ಕೈ ಹಿಡಿದು, ಬಂದ್ ಮಾಡಬೇಡಿ, ಇನ್ನೂ ಆರಿಲ್ಲ ಎಂದು ತಲೆ ತಿನ್ನುತ್ತಿದ್ದೆ. ಬೈಸಿಕೊಂಡಾದರೂ ನಿಲ್ಲಿಸುತ್ತಿದ್ದೆ. ಅಂಜುವ ಕೆಲಸವನ್ನೇ ಹೊತ್ತು ಬಾಳಿದವಳಿಗೆ, ಅಂಜಲೇಬೇಕಾದ ಒಂದು ಮಾತನ್ನು ಹೇಳದೆ ಇಟ್ಟಿದ್ದರು. ಬೋಲ್ಟಿಗೆ ಅಂಜಿದೆ, ಪಿಸ್ಟನ್ನಿಗೆ ಅಂಜಿದೆ, ಇವರ ಕೈಗೆ ಅಂಜಲಿಲ್ಲ. ನನಗೆ ಬಂದ ಸಿಟ್ಟನ್ನು ಆ ಸುಟ್ಟ ಅಂಗೈ ನೋಡಿ ನುಂಗಿಕೊಂಡೆ.

ಬಂಡೆಯ ಹಿಂದಿನಿಂದ ಅಮೃತಮ್ಮ ಕರೆದಳು. ಹೋಗಿ ನೋಡಿದರೆ ಅವಳು ಹೊಟ್ಟೆಯ ಎರಡೂ ಬದಿ ಹಿಡಿದು ಬಾಗಿ ಕುಳಿತಿದ್ದಳು. ನಮ್ಮ ಮಾತೆಲ್ಲ ಅವಳಿಗೆ ಕೇಳಿಸಿತ್ತು.

"ಅವ್ವಾ, ನಿನ್ನಿಯಿಂದ ಹೊಟ್ಟಿ ಬಿಗೀಲಿಕತ್ತದ," ಎಂದಳು. "ಬೆಳಿಗ್ಗಿಯಿಂದ ಕೂಸು ಆಡಾಕತ್ತಿಲ್ಲ. ನೀ ಅಂಜತಿ ಅಂತ ಹೇಳಿರಲಿಲ್ಲ."

ಅವಳ ಮುಂದೆ ಮಣ್ಣಿನಲ್ಲಿ ಕುಳಿತೆ. ನನ್ನ ಮೈ ನಡುಗುತ್ತಿತ್ತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ.

"ಈಗ ಎಲ್ಲಾ ಹೇಳು," ಎಂದೆ. "ಎಲ್ಲಿ ಬಿಗೀತದ, ಎಷ್ಟು ಹೊತ್ತಿಗೊಮ್ಮೆ, ನೀರು ಹೋಗ್ಯದೇನು, ರಕ್ತ ಕಂಡಿಯೇನು. ಒಂದೂ ಬಿಡಬ್ಯಾಡ. ನಾ ಅಂಜತೀನಿ, ನೀ ಹೇಳು."

ಅವಳು ಹೇಳಿದಳು. ನೀರು ಹೋಗಿರಲಿಲ್ಲ, ರಕ್ತವೂ ಇಲ್ಲ. ಸೇಡಂ ದೂರ, ಚಿಂಚೋಳಿಯೂ ದೂರ. ಹತ್ತಿರದ ಕುಂಚಾವರಂನಲ್ಲೇ ದವಾಖಾನೆಯ ನರ್ಸಮ್ಮ ಇದ್ದಳು, ಅಲ್ಲಿಗೇ ತಿರುಗಿ ಹೋಗೋಣ ಎಂದೆ. ಕಟ್ಟಿಗೆ ಹೇರಿಕೊಂಡು ಒಂದು ಬಂಡಿ ಬಂತು. ಇವರು ಕಟ್ಟಿಗೆ ಇಳಿಸಿ, ಎಣ್ಣೆ ಮೆತ್ತಿದ ಕೌದಿಯನ್ನೇ ಹಾಸಿದರು.

"ತವರಿಗೆ ಹೊರಟಾಕಿ ತಿರುಗಿ ಹೋದ್ರ ಬೀಗರು ಏನಂದಾರು?" ಎಂದರು ಇವರು.

"ಏನರ ಅನ್ಲಿ. ಎಂಟು, ಒಂಬತ್ತು, ಬಾಣಂತನ, ಎಲ್ಲಾ ಅಲ್ಲೇ. ನಾನೂ ಅಲ್ಲೇ ಇರತೀನಿ."

ಬಂಡಿ ತಿರುಗಿತು. ಮಗಳ ತಲೆ ನನ್ನ ತೊಡೆಯ ಮೇಲೆ, ನನ್ನ ಅಂಗೈ ಅವಳ ಹೊಟ್ಟೆಯ ಮೇಲೆ. ಪ್ರತಿ ಕುಲುಕಿಗೂ ಸಾವಕಾಶ ಎಂದು ಬಂಡಿಯವನಿಗೆ ಹೇಳುತ್ತಲೇ ಇದ್ದೆ. ಇವರು ಪಕ್ಕದಲ್ಲಿ ನಡೆದು ಬರುತ್ತಿದ್ದರು, ಒಮ್ಮೆಯೂ ಸುಮ್ಮನಿರು ಎನ್ನಲಿಲ್ಲ. ಹಳ್ಳ ದಾಟುವಾಗ ನನ್ನ ಅಂಗೈಯ ಕೆಳಗೆ ಏನೋ ಒಂದು ಸಣ್ಣಗೆ ಒದೆಯಿತು. ನನ್ನ ನಡುಕವೇ ಇರಬಹುದೆಂದು ಉಸಿರು ಬಿಗಿಹಿಡಿದೆ. ಮತ್ತೊಮ್ಮೆ ಒದೆಯಿತು.

"ಆಡ್ತು," ಎಂದೆ ಇವರಿಗೆ. ಇವರು ರಸ್ತೆಯ ನಡುವೆ ನಿಂತು ಅತ್ತರು.