ಬಚ್ಚಲೊಳಗಿನ ಪರೀಕ್ಷಕರು

ನನ್ನ ಗಂಡ ಡ್ರೈವಿಂಗ್ ಲೈಸೆನ್ಸ್ ಆಫೀಸಿನಲ್ಲಿ ಮೂವತ್ತಾರು ವರ್ಷ ಪರೀಕ್ಷಕರಾಗಿದ್ದರು. ಪಕ್ಕದ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಪ್ಯಾಡ್ ಇಟ್ಟುಕೊಂಡು, ಊರಿನ ಅರ್ಧ ಜನರನ್ನು ಪಾಸ್ ಮಾಡಿದರು. ನನ್ನನ್ನು ಮಾತ್ರ ಮೂರು ಸಲ ಫೇಲ್ ಮಾಡಿದರು. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವ ಗಾದೆ ಕಟ್ಟಿದವರು ಇವರನ್ನು ನೋಡಿಯೇ ಕಟ್ಟಿರಬೇಕು.

ಮೊದಲನೇ ಸಲ ಫೇಲಾಗಿದ್ದು ನ್ಯಾಯವೇ. ಆಫೀಸಿನ ಕಾಂಪೌಂಡಿಗೆ ಗುದ್ದಿದ್ದೆ. ಎರಡನೇ ಸಲ ಏರಿನಲ್ಲಿ ಗಾಡಿ ಒಂದು ಮೊಳ ಹಿಂದಕ್ಕೆ ಜಾರಿತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ಮೂರನೇ ಸಲ ನಾನು ಒಂದೂ ತಪ್ಪು ಮಾಡಲಿಲ್ಲ. ಆದರೂ ಪ್ಯಾಡಿನ ಮೇಲೆ ಅಡ್ಡಗೆರೆ ಬಿತ್ತು. ಯಾಕೆ ಅಂತ ಕೇಳಿದರೆ, "ಆಫೀಸಿನ ವಿಷಯ ಮನೇಲಿ ಬೇಡ" ಅಂದರು. ಆಫೀಸಿಗೇ ಹೋಗಿ ಕೇಳಿದೆ. "ಮನೆ ವಿಷಯ ಆಫೀಸಲ್ಲಿ ಬೇಡ" ಅಂದರು. ಅದಾಗಿ ಮೂವತ್ತೊಂದು ವರ್ಷ. ಮತ್ತೆ ನಾನು ಕೇಳಲಿಲ್ಲ, ಆದರೆ ಮರೆಯಲೂ ಇಲ್ಲ.

ಅವರು ನಿವೃತ್ತರಾದ ಮೇಲೆ ಈ ಮನೆಗಾಡಿಯನ್ನು ಬಾಡಿಗೆಗೆ ತಂದೆವು. ಒಲೆ, ಮಂಚ, ಬಚ್ಚಲು ಎಲ್ಲ ಚಕ್ರದ ಮೇಲೆಯೇ. ದೇಶದ ಈ ಕಡಲಿನಿಂದ ಆ ಕಡಲಿನವರೆಗೆ ಹನ್ನೊಂದು ದಿನದ ದಾರಿ. ಓಡಿಸುವವರು ಅವರು, ನಕ್ಷೆ ಓದುವವಳು ನಾನು, ನಾನು ಓದಿದ್ದನ್ನು ನಂಬದವರೂ ಅವರೇ. ದಿನಾ ಹೊರಡುವ ಮುಂಚೆ ಇಪ್ಪತ್ತೆರಡು ಅಂಶಗಳ ತಪಾಸಣೆ ಆಗಬೇಕು. ಗ್ಯಾಸ್ ಮುಚ್ಚಿದೆಯೇ, ಕಪಾಟಿನ ಕೊಂಡಿ ಬಿದ್ದಿದೆಯೇ, ಹೀಗೆ. ಕೊನೆಯದು ಬಚ್ಚಲ ಬಾಗಿಲು. ದಾರಿಯಲ್ಲಿ ಬಡಿದುಕೊಳ್ಳಬಾರದೆಂದು ಅದಕ್ಕೆ ಹೊರಗಿನಿಂದ ಚಿಲಕ ಹಾಕಬೇಕು.

ಅಷ್ಟರಲ್ಲಾಗಲೇ ನನ್ನ ಪರ್ಸಿನಲ್ಲಿ ಅವರಿಗೆ ಗೊತ್ತಿಲ್ಲದ ಒಂದು ಲೈಸೆನ್ಸ್ ಇತ್ತು. ಎಂಟು ತಿಂಗಳ ಹಿಂದೆ, ತಂಗಿಗೆ ಮಂಡಿ ಆಪರೇಷನ್ ಅಂತ ಹೇಳಿ ಅವಳ ಊರಿಗೆ ಹೋಗಿದ್ದೆ. ಅವಳ ಮಂಡಿ ಗಟ್ಟಿಮುಟ್ಟಾಗಿಯೇ ಇತ್ತು. ನಾನು ಅಲ್ಲಿ ಎರಡು ತಿಂಗಳಿದ್ದು, ಗಾಡಿ ಕಲಿತು, ಪರೀಕ್ಷೆ ಪಾಸು ಮಾಡಿ ಬಂದೆ. ಇವರು ಅವಳನ್ನು ಕಂಡಾಗಲೆಲ್ಲ ಮಂಡಿ ಹೇಗಿದೆ ಅಂತ ವಿಚಾರಿಸುತ್ತಾರೆ. ಪಾಪ, ಅವಳು ನಾಲ್ಕು ಹೆಜ್ಜೆ ಕುಂಟಿ ತೋರಿಸುತ್ತಾಳೆ.

ಐದನೇ ದಿನ ಮೆಲ್ಲಗೆ ಕೇಳಿದೆ. "ರೀ, ಒಂದು ಹತ್ತು ಕಿಲೋಮೀಟರ್ ನಾನು ಓಡಿಸ್ಲಾ?"

"ಇದೇನು ಆಟದ ಸಾಮಾನು ಅಂದ್ಕೊಂಡ್ಯಾ?" ಅಂದರು. ಅಷ್ಟಕ್ಕೇ ಬಿಟ್ಟಿದ್ದರೆ ಬಿಡುತ್ತಿದ್ದೆನೋ ಏನೋ. ಜೊತೆಗೆ ನಕ್ಕರು ಬೇರೆ.

ಮರುದಿನ ಬೆಳಗ್ಗೆ ಅವರು ಗಡ್ಡ ಮಾಡಿಕೊಳ್ಳಲು ಬಚ್ಚಲಿಗೆ ಹೋದರು. ಆ ಕೆಲಸಕ್ಕೆ ಅವರಿಗೆ ಮುಕ್ಕಾಲು ಗಂಟೆ ಬೇಕು. ನಾನು ಶ್ರದ್ಧೆಯಿಂದ ಇಪ್ಪತ್ತೊಂದು ಅಂಶ ನೋಡಿದೆ. ಇಪ್ಪತ್ತೆರಡನೆಯದು ಚಿಲಕ. ಅದನ್ನೂ ಹಾಕಿದೆ. ಹೋಗಿ ಸ್ಟೀರಿಂಗ್ ಹಿಂದೆ ಕೂತೆ.

ಗಾಡಿ ರಸ್ತೆಗಿಳಿಯುವ ಹೊತ್ತಿಗೆ ಒಳಗಿನಿಂದ ದನಿ ಬಂತು. "ಲೇ, ಗಾಡಿ ಅಲ್ಲಾಡ್ತಿದೆ."

"ಹೊರಟಿದೆಯಲ್ಲ, ಅದಕ್ಕೆ."

"ಯಾರು ಓಡಿಸ್ತಿರೋದು?"

"ಇರೋದು ಇಬ್ರು. ಒಬ್ರು ಬಚ್ಚಲಲ್ಲಿದ್ದೀರಿ."

ಆಮೇಲೆ ಬಾಗಿಲು ಬಡಿದರು, ಬೈದರು, ದೇವರನ್ನು ಕರೆದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. "ನನ್ ಹತ್ರ ಲೈಸೆನ್ಸ್ ಇದೆ ರೀ. ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆ ಕೂತ್ಕೊಳ್ಳಿ, ಬ್ಲೇಡ್ ಕೆಳಗಿಡಿ" ಅಂದೆ. ಲೈಸೆನ್ಸ್ ಅಂದದ್ದೇ ಗದ್ದಲ ನಿಂತಿತು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಐದು ನಿಮಿಷವೂ ಆಗಿರಲಿಲ್ಲ, ಒಳಗಿನಿಂದಲೇ ಪರೀಕ್ಷೆ ಶುರುವಾಯಿತು.

"ಎರಡನೇ ಗೇರಲ್ಲೇ ಯಾಕೆ ಎಳೀತಿದೀಯ?"

"ಮುಂದೆ ಟ್ರ್ಯಾಕ್ಟರ್ ಇದೆ."

"ಹಾಗಾದ್ರೆ ಸರಿ."

ಮೂವತ್ತೊಂದು ವರ್ಷದಲ್ಲಿ ನನ್ನ ಡ್ರೈವಿಂಗಿಗೆ ಸಿಕ್ಕ ಮೊದಲ 'ಸರಿ' ಅದು. ಟ್ರ್ಯಾಕ್ಟರನ್ನು ದಾಟಿದೆ, ಇಕ್ಕಟ್ಟಾದ ಸೇತುವೆ ದಾಟಿದೆ, ಒಂದು ಊರಿನ ಸಂತೆ ಬೀದಿಯಲ್ಲಿ ತರಕಾರಿ ಬುಟ್ಟಿಗಳ ನಡುವೆ ಯಾರ ಒಂದು ಟೊಮೇಟೊವನ್ನೂ ಮುಟ್ಟದೆ ಹೊರಬಂದೆ. ಒಳಗಿನಿಂದ ಒಂದು ತಕರಾರೂ ಬರಲಿಲ್ಲ. ಆಗ ಧೈರ್ಯ ಬಂತು.

"ರೀ, ಮೂರನೇ ಸಲ ನಾನೇನ್ ತಪ್ಪು ಮಾಡಿದ್ದೆ?"

ನಲ್ಲಿ ತೆರೆದ ಸದ್ದು, ಮುಚ್ಚಿದ ಸದ್ದು.

"ಏನೂ ಇಲ್ಲ" ಅಂದರು. "ಅಷ್ಟು ಚೆನ್ನಾಗಿ ಆ ವರ್ಷ ಯಾರೂ ಓಡಿಸಿರ್ಲಿಲ್ಲ. ಹೊರಗಡೆ ಬೆಂಚಲ್ಲಿ ಇಪ್ಪತ್ತು ಜನ ಕೂತಿದ್ರು. ಹೆಂಡ್ತಿ ಅಂತ ಪಾಸ್ ಮಾಡ್ದ ಅಂತಾರೆ ಅಂತ ಹೆದರ್ಕೊಂಡೆ. ಅಷ್ಟೇ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಗಾಡಿ ಓಡಿಸುವಾಗ ಎರಡಕ್ಕೂ ಪುರಸೊತ್ತಿರುವುದಿಲ್ಲ. ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ಯಲು ಮಳೆಯಲ್ಲಿ ಬಸ್ಸಿಗೆ ಕಾದದ್ದು, ಅಮ್ಮನ ಊರಿಗೆ ಹೋಗಬೇಕಾದರೆ ಇವರ ರಜೆಗೆ ಕಾದದ್ದು, ಎಲ್ಲ ನೆನಪಾಯಿತು. ಇಪ್ಪತ್ತು ಜನ ಏನೋ ಅಂದಾರು ಅಂತ ಇಷ್ಟೆಲ್ಲ.

"ಅದಕ್ಕೆ ಇನ್ನೂ ಹದಿನೈದು ಕಿಲೋಮೀಟರ್ ಒಳಗೇ ಇರಿ" ಅಂದೆ.

"ಇರ್ತೀನಿ" ಅಂದರು.

ಹದಿನೈದು ಅಂದವಳು ಇಪ್ಪತ್ತು ಓಡಿಸಿದೆ. ಆಮೇಲೆ ಪೆಟ್ರೋಲ್ ಬಂಕಿನ ಪಕ್ಕ ಮರದ ಕೆಳಗೆ ನಿಲ್ಲಿಸಿ ಚಿಲಕ ತೆಗೆದೆ. ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ಮೇಲೆ ನೊರೆ ಒಣಗಿ ಅಂಟಿಕೊಂಡಿತ್ತು. ಸ್ಟೀರಿಂಗ್ ಕಡೆ ಹೋಗುತ್ತಾರೆ ಅಂದುಕೊಂಡೆ. ಹೋಗಿ ಪಕ್ಕದ ಸೀಟಿನಲ್ಲಿ ಕೂತು ಕೈ ಚಾಚಿದರು. ಲೈಸೆನ್ಸ್ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು.

"ಸಹಿ ಹಾಕಿರೋನು ನನ್ ಹತ್ರ ಕೆಲಸ ಕಲಿತೋನು. ನನ್ ಹೆಸರು ಹೇಳಿದ್ಯಾ?"

"ಇಲ್ಲ. ಗಂಡ ಏನ್ಮಾಡ್ತಾರೆ ಅಂತ ಅವನೇ ಕೇಳ್ದ."

"ಏನಂದೆ?"

"ತೀರ್ಕೊಂಡು ಮೂವತ್ತೊಂದು ವರ್ಷ ಆಯ್ತು ಅಂದೆ."

ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಲೈಸೆನ್ಸಿನಲ್ಲಿದ್ದ ನನ್ನ ಫೋಟೊವನ್ನು ಹೆಬ್ಬೆರಳಿನಿಂದ ಒರೆಸಿ, "ಅಷ್ಟು ವರ್ಷ ಒಬ್ಳೇ ಹೇಗಿದ್ದೆ?" ಅಂದರು.

"ಕಷ್ಟ ಆಯ್ತು" ಅಂದೆ. ಅದನ್ನು ತಮಾಷೆಗೆ ಹೇಳಲಿಲ್ಲ.

ಅವರು ಬೆಲ್ಟ್ ಹಾಕಿಕೊಂಡರು. ನಾನು ಗಾಡಿ ತೆಗೆದೆ.