ಕಗ್ಗಂಟಿನ ಅಟ್ಟ

ಬಿಳಿಗೆರೆಯ ರೇವಣಸಿದ್ದಯ್ಯ ಶುಕ್ರವಾರ ಬಂತೆಂದರೆ ಒಗೆದ ಪಂಚೆ ಉಟ್ಟು, ಹೆಗಲಿಗೆ ಟವೆಲ್ಲು ಹಾಕಿಕೊಂಡು, ಬೆಳಗಿನ ಬಸ್ಸು ಹತ್ತಿ ತಿಪಟೂರಿಗೆ ಹೋಗುತ್ತಿದ್ದದ್ದು ಬೈಸಿಕೊಳ್ಳುವುದಕ್ಕೆ. ಕೈಯಿಂದ ಕಾಸು ಹಾಕಿಕೊಂಡು ಹೋಗಿ, ಹೊಟ್ಟೆತುಂಬ ಬೈಸಿಕೊಂಡು, ನಗುನಗುತ್ತಾ ವಾಪಸು ಬರುವ ಇನ್ನೊಬ್ಬ ಮನುಷ್ಯನನ್ನು ಆ ಸೀಮೆಯಲ್ಲಿ ಎಲ್ಲಾದರೂ ತೋರಿಸಿ, ನೋಡೋಣ.

ಬೈಯುತ್ತಿದ್ದವನು ಕೊಬ್ಬರಿ ಮಂಡಿಯ ಕಾಡಸಿದ್ದಪ್ಪ. ಬೈಗುಳ ನಡೆಯುತ್ತಿದ್ದ ಜಾಗ ಬಸ್ ಸ್ಟ್ಯಾಂಡಿನ ಹಿಂದೆ ಅಕ್ಬರ್ ಪಾಷಾನ ಟೈಲರ್ ಅಂಗಡಿ, ಅದರ ಮುಂದಿನ ಮರದ ಬೆಂಚು. ತಮಾಷೆ ಏನೆಂದರೆ, ತಾನು ಬೈಯುತ್ತಿರುವುದು ಪಕ್ಕದಲ್ಲೇ ತೊಡೆಗೆ ತೊಡೆ ತಾಗಿಸಿಕೊಂಡು ಕೂತ ರೇವಣಸಿದ್ದಯ್ಯನನ್ನು ಎಂಬುದು ಕಾಡಸಿದ್ದಪ್ಪನಿಗೆ ಗೊತ್ತಿರಲಿಲ್ಲ.

ವಿಷಯ ಇಷ್ಟೇ. ಎಂಬತ್ತೆರಡನೇ ಇಸವಿಯ ಸುಮಾರಿಗೆ ಬೆಂಗಳೂರಿನ ಒಂದು ವಾರಪತ್ರಿಕೆಯಲ್ಲಿ ಪದಬಂಧ ಬರುತ್ತಿತ್ತು. ‘ಸೂರ್ಯನ ಇನ್ನೊಂದು ಹೆಸರು’ ಅಂತ ಕೇಳಿ ‘ರವಿ’ ಅಂತ ಬರೆಸಿಕೊಳ್ಳುವ ಸಾಧುಪ್ರಾಣಿಯಲ್ಲ ಅದು. ಮೇಲೊಂದು ಹೇಳಿ ಒಳಗೊಂದು ಬಚ್ಚಿಡುವ ಕಿಲಾಡಿ. ಅದನ್ನು ಕಟ್ಟುವವನು ‘ಕಗ್ಗಂಟು’ ಎಂದು ಹೆಸರಿಟ್ಟುಕೊಂಡಿದ್ದ. ಅವನ ಊರು ಯಾವುದು, ಕೇರಿ ಯಾವುದು, ಯಾರಿಗೂ ತಿಳಿಯದು.

“ಕೇಳಿಸ್ಕಳ್ರಪ್ಪ,” ಎಂದು ಕಾಡಸಿದ್ದಪ್ಪ ಕನ್ನಡಕ ಏರಿಸಿಕೊಂಡು ಓದುತ್ತಿದ್ದ. “‘ಸಾಗರ ಗಸಗಸೆ ತಿಂದರೆ ಒಳಗೆ ಸಿಗುವುದು ಬಡಗಿಯ ಹಲ್ಲು.’ ನಾಕು ಅಕ್ಷರ. ಥೂ, ಇವನ ಮನೆ ಹಾಳಾಗ! ಸಾಗರಕ್ಕೆ ಯಾಕ್ಲಾ ಗಸಗಸೆ? ಅಲ್ಲೇನು ಇವನ ತಾತನ ಮದುವೆ ಪಾಯ್ಸ ಕುದೀತೈತಾ?”

“ಬಡಗಿ ಹಲ್ಲು ಅಂದ್ರೆ ಉಳಿ ಅಲ್ವಾ ಯಜಮಾನ್ರೇ?” ಎಂದು ಪಾಷಾ ಮಿಷಿನ್ನು ತುಳಿಯುತ್ತಲೇ ಕೇಳಿದ.

“ಉಳಿ ಎರಡೇ ಅಕ್ಷರ ಕಣಪ್ಪ. ನೀನು ಕಾಜಾ ಹೊಲಿ.”

ಕಾಡಸಿದ್ದಪ್ಪನ ತೋರುಬೆರಳು ಅಕ್ಷರದಿಂದ ಅಕ್ಷರಕ್ಕೆ ತೆವಳಿತು, ನಿಂತಿತು, ಮತ್ತೆ ಹಿಂದಕ್ಕೆ ಬಂತು. ಇದ್ದಕ್ಕಿದ್ದಂತೆ ಅವನು ತೊಡೆ ತಟ್ಟಿದ. “ಸಿಕ್ದ ಕಳ್ಳ! ನೋಡ್ಲಾ ರೇವಣ್ಣ, ನಿಂಗೆ ಬೇಗ ತಲೆಗೆ ಹೋಗಾಕಿಲ್ಲ, ನಿಧಾನಕ್ಕೆ ಕೇಳು. ಸಾಗರದ ಬಾಲ ಹಿಡ್ಕೋ: ‘ಗರ’. ಗಸಗಸೆ ಮೂತಿ ಹಿಡ್ಕೋ: ‘ಗಸ’. ಎರಡನ್ನೂ ಜೋಡ್ಸು. ಗರಗಸ! ಬಡಗಿ ಸಾಮಾನಲ್ಲಿ ಹಲ್ಲು ಇರೋದು ಅದಕ್ಕೇ ತಾನೆ?”

“ಅಯ್ಯಪ್ಪಾ!” ಎಂದು ರೇವಣಸಿದ್ದಯ್ಯ ಗಲ್ಲಕ್ಕೆ ಕೈ ಹಚ್ಚಿದ. “ನೀನು ಹೇಳ್ದೆ ಇದ್ದಿದ್ರೆ ನಂಗೆ ಏಳು ಜನ್ಮಕ್ಕೂ ಹೊಳೀತಿರ್ಲಿಲ್ಲ ಬುಡು.”

ಹೊಳೆಯದೆ ಏನು! ಆ ಗಸಗಸೆಯನ್ನು ಹುಡುಕಿ ತಂದು ಸಾಗರಕ್ಕೆ ತಿನ್ನಿಸಿದವನೇ ಅವನು. ಒಳಗೊಳಗೇ ಅವನ ಹೊಟ್ಟೆ ನಗೆಯಿಂದ ಕುಣಿಯುತ್ತಿತ್ತು. ಆದರೂ ಹೇಳುತ್ತೇನೆ, ಆ ನಗೆಯ ಕೆಳಗೆ ಒಂದು ದೊಡ್ಡ ಸಂತೋಷವಿತ್ತು. ತಾನು ಬಚ್ಚಿಟ್ಟದ್ದನ್ನು ಇಷ್ಟು ಅಕ್ಕರೆಯಿಂದ ಹುಡುಕುವ ಇನ್ನೊಬ್ಬ ಗೆಳೆಯ ತನಗೆ ಸಿಗುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ಪದಬಂಧ ಅಚ್ಚಾದ ವಾರ ಅವನು ಗುಟ್ಟು ಹೇಳಿಬಿಡಬೇಕೆಂದೇ ಓಡಿ ಬಂದಿದ್ದ. ಬಾಯಿ ತೆರೆಯುವ ಮುಂಚೆ ಕಾಡಸಿದ್ದಪ್ಪ ಪತ್ರಿಕೆ ಬೀಸುತ್ತಾ, “ಯಾವ ನನ್ಮಗ ಇದನ್ನ ಕಟ್ಟಿರೋನು? ಕೈಗೆ ಸಿಗ್ಲಿ, ಮಟ ಮಟ ಮಧ್ಯಾಹ್ನ ಕಾಯಿ ಸುಲಿಯೋಕೆ ಕೂರಿಸ್ತೀನಿ!” ಎಂದು ಅರಚಿದ. ಇದೂ ಒಂದು ಮಜವೇ, ಒಂದು ವಾರ ನೋಡೋಣ ಅಂತ ರೇವಣಸಿದ್ದಯ್ಯ ಸುಮ್ಮನಾದ. ಒಂದು ವಾರ ಹೋಗಿ ವರ್ಷಗಳೇ ಆದವು. ಈಗ ಹೇಳುವಂತೆಯೂ ಇರಲಿಲ್ಲ. ಯಾಕೆಂದರೆ ಕಾಡಸಿದ್ದಪ್ಪ ಬೈಯುವುದರಲ್ಲಿ ಎಷ್ಟು ಧಾರಾಳಿಯೋ ತನ್ನನ್ನು ಪೆದ್ದು ಮಾಡಿದವರ ವಿಷಯದಲ್ಲಿ ಅಷ್ಟೇ ಬಿಗಿ. ತನ್ನ ಮದುವೆಯ ದಿನ ಚಪ್ಪಲಿ ಬಚ್ಚಿಟ್ಟು ಜನರನ್ನು ನಗಿಸಿದ ಷಡ್ಡಕನ ಮನೆಯಲ್ಲಿ ಅವನು ಇವತ್ತಿನವರೆಗೂ ಒಂದು ಲೋಟ ನೀರು ಮುಟ್ಟಿಲ್ಲ. ಒಂದು ಜೊತೆ ಚಪ್ಪಲಿಗೇ ಇಷ್ಟಾದರೆ ವರ್ಷಗಟ್ಟಲೆ ಪಕ್ಕದಲ್ಲಿ ಕೂತು ದಡ್ಡನ ವೇಷ ಹಾಕಿದವನ ಗತಿಯೇನು? ಬೆಂಚು ಹೋಯಿತು, ಗೆಳೆತನವೂ ಹೋಯಿತು. ಅದನ್ನು ನೆನೆದರೆ ರೇವಣಸಿದ್ದಯ್ಯನಿಗೆ ಊಟ ಸೇರುತ್ತಿರಲಿಲ್ಲ.

ಅದಕ್ಕೇ ಅವನು ಪದಬಂಧ ಕಟ್ಟುತ್ತಿದ್ದದ್ದು ಅಟ್ಟದ ಮೇಲೆ. ಆ ಕಡೆ ಕೊಬ್ಬರಿ ಮಾಡುವವರ ಮನೆಗಳಲ್ಲಿ ತೆಂಗಿನಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿದರೆ ವರ್ಷದವರೆಗೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಒಳಗಿನ ನೀರು ತಾನಾಗಿ ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ರೇವಣಸಿದ್ದಯ್ಯ ಆ ಕಾಯಿರಾಶಿಯ ನಡುವೆ ಗುಂಡಿ ಮಾಡಿಕೊಂಡು, ಹಳೇ ದಿಂಬು ಹಾಕಿ, ಪೆನ್ಸಿಲ್ಲು ರಬ್ಬರು ಹಿಡಿದು ಕೂರುತ್ತಿದ್ದ. ಕೆಳಗಿನಿಂದ ಹೆಂಡತಿ ಸಿದ್ದಗಂಗಮ್ಮ ಕೂಗುತ್ತಿದ್ದಳು: “ಏನ್ರೀ, ಕಾಯಿಗೆ ಕಾವು ಕೊಡ್ತಾ ಕೂತಿದ್ದೀರಾ? ಮರಿ ಆದ್ರೆ ಹೇಳಿ, ಊಟಕ್ಕೆ ಏಳುವ್ರಂತೆ!”

ಹಾಗೆ ಕೂತವನ ಕಣ್ಣಿಗೆ ಸುತ್ತಲೂ ಕಾಣುತ್ತಿದ್ದದ್ದು ಅಟ್ಟವೇ. ಒಂದು ವಾರ ಎರಡಕ್ಷರದ ಖಾಲಿ ಮನೆಗೆ ಅದನ್ನೇ ಹಾಕಿದ. ಎಡವಿದ್ದು ಅಲ್ಲಿ.

“‘ಬೆಟ್ಟದ ತಲೆ ತೆಗೆದು ಅಜ್ಜನ ತಲೆ ಇಟ್ಟರೆ ಕಾಯಿ ವರ್ಷವಿಡೀ ಮಲಗುವ ಜಾಗ,’” ಎಂದು ಆ ಶುಕ್ರವಾರ ಕಾಡಸಿದ್ದಪ್ಪ ಓದಿದ. ಓದಿ ಮುಗಿಸುವಷ್ಟರಲ್ಲಿ ಬೆಂಚಿಗೆ ಬೆಂಚೇ “ಅಟ್ಟ!” ಅಂದಿತು. “ಥತ್, ಇದೂ ಒಂದು ಗಂಟಾ? ಬೆಟ್ಟದ ‘ಬೆ’ ಕಿತ್ತಾಕಿ ಅಜ್ಜನ ‘ಅ’ ಇಟ್ರೆ ಮುಗೀತು. ಕಗ್ಗಂಟಿಗೆ ವಯಸ್ಸಾಯ್ತು ಕಣ್ರಲಾ.”

ಆದರೆ ಬೆಂಚಿನ ತುದಿಯಲ್ಲಿ ಬಸವರಾಜು ಕೂತಿದ್ದ. ಧಾರವಾಡದ ಕಡೆಯಿಂದ ವರ್ಗವಾಗಿ ಬಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವನು, ಬೆಂಚಿಗೆ ಹೊಸಬ. ಅವನು ಹಣೆ ಗಂಟಿಕ್ಕಿಕೊಂಡು ಕೇಳಿದ: “ಅಲ್ರೀ, ಕಾಯಿ ಅಟ್ಟದ ಮ್ಯಾಲೆ ಯಾಕ ಮಲಗಬೇಕ್ರೀ? ಅದೂ ವರ್ಷಗಟ್ಟಲೆ? ನಮ್ಮ ಕಡೆ ತಂದ ದಿನಾನ ಒಡದು ಚಟ್ನಿ ಮಾಡಿಬಿಡ್ತಾರ.”

ಮಿಷಿನ್ನು ನಿಂತಿತು. ಪಾಷಾ ತಲೆ ಎತ್ತಿದ. ಕಾಡಸಿದ್ದಪ್ಪ ಪತ್ರಿಕೆಯನ್ನು ನಿಧಾನವಾಗಿ ಮಡಿಚಿದ.

“ಅಲ್ವಾ?” ಎಂದ. “ಮಂಗಳೂರೋರು ಇದನ್ನ ಬರ್ಯಾಕಿಲ್ಲ, ಬೆಂಗಳೂರೋನಿಗೆ ಅಟ್ಟನೇ ಗೊತ್ತಿಲ್ಲ. ಈ ಕಗ್ಗಂಟು ನಮ್ಮೋನೇ ಕಣ್ರಪ್ಪ! ತಿಪಟೂರೋ, ತುರುವೇಕೆರೆಯೋ, ಚಿಕ್ಕನಾಯಕನಹಳ್ಳಿಯೋ, ಇಲ್ಲೇ ಎಲ್ಲೋ ಅವ್ನೆ!”

ರೇವಣಸಿದ್ದಯ್ಯನಿಗೆ ಕೂತಲ್ಲೇ ಬೆವರು ಕಿತ್ತುಕೊಂಡಿತು. ಎಲ್ಲರ ಮನೆಯಲ್ಲೂ ಅಟ್ಟ ಇರುತ್ತದೆ, ಎಲ್ಲ ಅಟ್ಟದ ಮೇಲೂ ಕಾಯಿ ಮಲಗಿರುತ್ತದೆ ಅಂತ ಅವನು ನಂಬಿಬಿಟ್ಟಿದ್ದ. ಗಡಿಬಿಡಿಯಲ್ಲಿ ಏನಾದರೂ ಹೇಳಲೇಬೇಕಲ್ಲ, ಬಾಯಿಗೆ ಬಂದ ಹೆಸರು ಹೇಳಿದ: “ದಬ್ಬೇಘಟ್ಟದ ರಿಟೈರ್ಡ್ ಹೆಡ್ಮಾಸ್ಟ್ರು ಶಂಭುಲಿಂಗಯ್ಯ ಇರ್ಬೌದಾ? ಅಷ್ಟು ಬುದ್ಧಿ ಬೇರೆ ಯಾರಿಗೈತೆ?”

ಕಾಡಸಿದ್ದಪ್ಪ ಅವನನ್ನೇ ಒಂದು ಗಳಿಗೆ ನೋಡಿದ. “ಹೌದಲ್ವಾ? ಶಂಭುಲಿಂಗಯ್ಯ ನಮ್ಮ ಬೀಗರೇ. ಭಾನುವಾರ ಹೋಗಿ ವಿಚಾರಿಸ್ಕೊಂಡು ಬತ್ತೀನಿ.”

ಮುಂದಿನ ಶುಕ್ರವಾರ ರೇವಣಸಿದ್ದಯ್ಯ ಬಸ್ಸಿಳಿದು ಬಂದರೆ ಪಾಷಾನ ಅಂಗಡಿಯ ಮುಂದೆ ಮಾವಿನ ಸೊಪ್ಪು ಕಟ್ಟಿತ್ತು. ಬೆಂಚಿನ ಮೇಲೆ, ತಾನು ಕೂರುವ ಜಾಗದಲ್ಲಿ ಸರಿಯಾಗಿ, ಕೊರಳಲ್ಲಿ ಸೇವಂತಿಗೆ ಹಾರ, ಹೆಗಲ ಮೇಲೆ ಶಾಲು ಹೊದ್ದುಕೊಂಡು ಶಂಭುಲಿಂಗಯ್ಯ ಕೂತಿದ್ದರು!

“ಒಪ್ಕೊಂಡ್ಬುಟ್ರು ಕಣ್ಲಾ!” ಎಂದು ಕಾಡಸಿದ್ದಪ್ಪ ಕುಣಿಯುತ್ತಿದ್ದ. “ನಿನ್ ಬಾಯಿಗೆ ಸಕ್ಕರೆ ಹಾಕ. ಇವರೇ ಕಗ್ಗಂಟು!”

“ಹೇಳೋದು ಬೇಡ ಅಂದ್ಕೊಂಡಿದ್ದೆ,” ಎಂದು ಮೇಷ್ಟ್ರು ಹಾರ ಸರಿಮಾಡಿಕೊಂಡರು. “ಏನೋ, ಸರಸ್ವತಿ ಬರೆಸ್ತಾಳೆ, ನಾವು ಬರೀತೀವಿ.”

ಸರಸ್ವತಿಯಂತೆ! ರೇವಣಸಿದ್ದಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಗುಟ್ಟು ಉಳಿಯಿತು, ಬೆಂಚು ಉಳಿಯಿತು, ಕುಣಿದಾಡಬೇಕಾದ್ದೇ. ಆದರೆ ತನ್ನ ಗಸಗಸೆಯನ್ನೂ ತನ್ನ ಗರಗಸವನ್ನೂ ಇನ್ನೊಬ್ಬ ಶಾಲಿನೊಳಗೆ ಸುತ್ತಿಕೊಂಡು ಹೊರಟಿದ್ದ. ತಾನು ಬಚ್ಚಿಟ್ಟ ಹೆಸರು, ತಾನೇ ತೋರಿಸಿದ ಮನುಷ್ಯ, ಯಾರನ್ನು ಬೈಯುವುದು? ಪಾಷಾ ಕೊಟ್ಟ ಟೀ ಹಿಡಿದುಕೊಂಡು ಬೆಂಚಿನ ತುದಿಯಲ್ಲಿ ಬಸವರಾಜುವಿನ ಪಕ್ಕ ಮುದುರಿ ಕೂತ.

“ಮೇಷ್ಟ್ರೇ, ಈ ವಾರದ್ದು ಈಗತಾನೆ ಬಂದೈತೆ. ನಿಮ್ ಬಾಯಿಂದ್ಲೇ ಒಂದು ಬಿಡ್ಸಿ ಹೇಳ್ಬುಡಿ, ನಮ್ ಕಿವಿ ಪಾವನ ಆಗ್ಲಿ,” ಎಂದ ಕಾಡಸಿದ್ದಪ್ಪ. “‘ದಿನ ಹಿಂದಕ್ಕೆ ಹೋದರೆ ಹರಿಯುವುದು.’ ಎರಡಕ್ಷರ.”

ರೇವಣಸಿದ್ದಯ್ಯನ ಕಿವಿ ನಿಮಿರಿತು. ಅದು ಅವನ ಮುದ್ದಿನ ಕೂಸು. ಇಷ್ಟು ಚಿಕ್ಕದಾಗಿ, ಇಷ್ಟು ಚೊಕ್ಕವಾಗಿ ಅವನು ಮತ್ತೊಂದನ್ನು ಕಟ್ಟಿರಲಿಲ್ಲ.

ಮೇಷ್ಟ್ರು ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡರು. “ಬಹಳ ಆಳವಾದ್ದು ಇದು. ದಿನ ಹಿಂದಕ್ಕೆ ಹೋಗೋದು ಅಂದರೇನು? ವಸ್ತು ಹಳೇದಾಗೋದು. ಹಳೇದಾದರೆ ಹರಿಯೋದು ಯಾವುದು? ಪಂಚೆ! ಎರಡಕ್ಷರ. ಪಂ, ಚೆ.”

“ವಾಹ್!” ಎಂದ ಪಾಷಾ. “ಕ್ಯಾ ಬಾತ್ ಹೈ. ಎಷ್ಟು ಗಟ್ಟಿ ಹೊಲಿದ್ರೂ ಹಳೇ ಪಂಚೆ ಹರಿದೇ ಹರೀತೈತೆ.”

“ಖರೇ ಅದರೀ,” ಎಂದ ಬಸವರಾಜು.

“ಆಹಾ, ಎಂಥ ತಲೆ!” ಎಂದು ಕಾಡಸಿದ್ದಪ್ಪ ಪೆನ್ನು ತೆಗೆದು ಮೊದಲ ಖಾನೆಯಲ್ಲಿ ‘ಪಂ’ ಬರೆಯಲು ಹೊರಟ.

ರೇವಣಸಿದ್ದಯ್ಯ ಟೀ ಲೋಟ ಕೆಳಗಿಟ್ಟ. ತಡೆದುಕೊಳ್ಳಬೇಕು, ತಡೆದುಕೊಳ್ಳಬೇಕು ಅಂತ ಹಲ್ಲು ಕಚ್ಚಿದ. ಪೆನ್ನಿನ ಮೊನೆ ಕಾಗದಕ್ಕೆ ತಾಗಿತು ನೋಡಿ, ಅಷ್ಟೇ. ಎದ್ದು ನಿಂತು ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದ:

“ಪಂಚೆ ಅಲ್ಲ ಕಣ್ರೀ, ನಿಮ್ ಪಂಚೆ ಬೆಂಕಿಗ್ ಹಾಕ! ನದಿ! ‘ದಿನ’ ಅನ್ನೋದನ್ನ ಹಿಂದಿಂದ ಓದ್ರೀ, ನ, ದಿ! ಹರಿಯೋದು ನದಿ! ಊಟ ನಿದ್ದೆ ಬುಟ್ಟು ಅಟ್ಟದ ಮೇಲೆ ಕೂತು ಕಟ್ಟಿದ್ದನ್ನ ತಂದು ಪಂಚೆ ಮಾಡ್ತೀರಲ್ರೀ!”

ಹೇಳಿದ ಮೇಲೆ ತಾನೇನು ಹೇಳಿದೆ ಎಂದು ಅವನಿಗೇ ಕೇಳಿಸಿತು.

ಯಾರೂ ಬೆಚ್ಚಲಿಲ್ಲ. ಮೇಷ್ಟ್ರು ಹಾರ ತೆಗೆದು ಅವನ ಕೊರಳಿಗೆ ಹಾಕಿ, “ತಗೊಳಪ್ಪ, ನಿನ್ನದು. ಸೇವಂತಿಗೆ ಕತ್ತು ಕೆರೀತಿತ್ತು,” ಎಂದರು. ಪಾಷಾ ಕತ್ತರಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ. ಬಸವರಾಜು ನಗು ತಡೆಯಲಾರದೆ ಗೋಡೆಗೆ ಮುಖ ಒತ್ತಿದ.

“ಹೋದ ಸಲ ನಿನ್ನ ಕಾಯಿ ನೋಡೋಕೆ ನಾನೇ ಅಟ್ಟ ಹತ್ತಿದ್ನಲ್ಲ,” ಎಂದ ಕಾಡಸಿದ್ದಪ್ಪ. “ರಾಶಿ ನಡುವೆ ಗುಂಡಿ, ಗುಂಡಿಯಲ್ಲಿ ದಿಂಬು, ದಿಂಬಿನ ಪಕ್ಕ ರಬ್ಬರು. ಕಾಯಿ ಕಾಯೋನಿಗೆ ರಬ್ಬರ್ ಯಾಕ್ಲಾ ಅಂತ ಅವತ್ತು ಹೊಳೀಲಿಲ್ಲ. ಬಸವರಾಜು ಅಟ್ಟದ ಮಾತು ಎತ್ತಿದಾಗ ಹೊಳೀತು. ಆದ್ರೂ ಕಾಯಿ ಅಲ್ಲಾಡ್ಸಿ ನೋಡ್ದೆ ಖರೀದಿ ಮಾಡೋ ಜಾತಿಯೋನಲ್ಲ ನಾನು. ಇವತ್ತು ಮೇಷ್ಟ್ರಿಗೆ ಹೇಳ್ಕೊಟ್ಟು ಹಾರ ಹಾಕಿ ಕೂರ್ಸಿ, ನಿನ್ನ ಅಲ್ಲಾಡ್ಸಿದೆ. ಲೊಡಲೊಡ ಅಂದ್ಬುಟ್ಟೆ!”

ನಗು ಇಳಿಯುತ್ತಿದ್ದಂತೆ ಅವನ ಮುಖ ಗಟ್ಟಿಯಾಯಿತು. ರೇವಣಸಿದ್ದಯ್ಯ ಹೆದರುತ್ತಿದ್ದ ಮುಖ ಅದೇ.

“ನಗೋದೆಲ್ಲ ಸರಿ. ಒಂದು ಮಾತು ಕೇಳ್ತೀನಿ. ಪಾಪ, ರೇವಣ್ಣನಿಗೆ ತಿಳಿಯಾಕಿಲ್ಲ ಅಂತ ಒಂದೊಂದೇ ಅಕ್ಷರ ಬಿಡ್ಸಿ ಹೇಳ್ಕೊಟ್ಟೆ. ಮನೆಗೆ ಹೋಗಿ ನನ್ನ ನೆನೆಸ್ಕೊಂಡು ನಗ್ತಿದ್ಯಾ?”

“ನಗ್ತಿದ್ದೆ. ಸುಳ್ಳು ಹೇಳಾಕಿಲ್ಲ,” ಎಂದ ರೇವಣಸಿದ್ದಯ್ಯ. “ಆದ್ರೆ ಅಚ್ಚಾಗಿ ಬಂದಾಗ ನಂಗೇನೂ ಅನ್ನಿಸ್ತಿರ್ಲಿಲ್ಲ ಕಣ್ಲಾ. ನೀನು ತೊಡೆ ತಟ್ಟಿ ‘ಸಿಕ್ದ ಕಳ್ಳ’ ಅಂತಿದ್ಯಲ್ಲ, ಆಗ್ಲೇ ನಂಗೆ ಕಟ್ಟಿದ್ದು ಮುಗೀತು ಅನ್ನಿಸ್ತಿದ್ದುದು. ಅದನ್ನ ಕೇಳೋಕೇ ಬರೀತಿದ್ದೆ. ಬೆಂಚಿಂದ ಏಳು ಅಂದ್ರೆ ಏಳ್ತೀನಿ. ಆದ್ರೆ ಆಮೇಲೆ ಬರ್ಯಾಕಾಗಾಕಿಲ್ಲ.”

ಕಾಡಸಿದ್ದಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

“ಕೂತ್ಕೋ,” ಎಂದ ಕೊನೆಗೆ. “ಶಿಕ್ಷೆ ಐತೆ. ಇನ್ಮೇಲೆ ನಾವು ಬಿಡಿಸ್ವಾಗ ನಿನ್ನ ಬಾಯಿಂದ ಒಂದಕ್ಷರ ಬರಕೂಡ್ದು. ನಾವು ಸರಿ ಹೇಳ್ಲಿ, ತಪ್ಪು ಹೇಳ್ಲಿ, ಪಂಚೆ ಅನ್ಲಿ, ಚಡ್ಡಿ ಅನ್ಲಿ. ಬಾಯಿ ಬುಟ್ಯೋ, ಕಾಯಿ ಸುಲಿಯೋಕೆ ಕೂರಿಸ್ತೀನಿ. ಒಪ್ಗೆನಾ?”

“ಒಪ್ಗೆ,” ಎಂದ ರೇವಣಸಿದ್ದಯ್ಯ. ಅಂದುಕೊಂಡದ್ದಕ್ಕಿಂತ ಅಗ್ಗಕ್ಕೆ ಬಿಟ್ಟ ಎಂದು ಅವನ ಮುಖವೆಲ್ಲ ಅರಳಿತು.

ಮೇಷ್ಟ್ರು ಸರಿದು ಜಾಗ ಕೊಟ್ಟರು. ಕಾಡಸಿದ್ದಪ್ಪ ಜೇಬಿನಿಂದ ಕೊಬ್ಬರಿಯ ಚೂರೊಂದನ್ನು ತೆಗೆದು ಬಾಯಿಗೆ ಹಾಕಿಕೊಂಡು ಅಗಿಯುತ್ತಾ ಮುಂದಿನದನ್ನು ಓದಿದ: “‘ಕೊಡಲಿಯ ತಲೆ, ಹಬ್ಬದ ಬಾಲ, ಗಿರಿಯ ಬಾಲ. ಒಣಗಿದಷ್ಟೂ ಬೆಲೆ.’ ಮೂರಕ್ಷರ. ಒಣಗಿದಷ್ಟೂ ಬೆಲೆ ಬರೋದು ಯಾವುದ್ರಪ್ಪ ನಮ್ ಕಡೆ? ಪಾಷಾ, ನಿಂಗೇನಾದ್ರೂ ಹೊಳೀತಾ?”

“ಇಲ್ಲ ಯಜಮಾನ್ರೇ.”

“ಮೇಷ್ಟ್ರೇ?”

“ಭಾರಿ ಕಷ್ಟದ್ದು ಇದು.”

ಕಾಡಸಿದ್ದಪ್ಪ ರೇವಣಸಿದ್ದಯ್ಯನ ಕಡೆ ತಿರುಗಿ, ಕಣ್ಣಲ್ಲಿ ಕಣ್ಣಿಟ್ಟು, ಕೊಬ್ಬರಿಯನ್ನು ಕಟಕಟ ಅಗಿದು ನುಂಗಿ, “ಸಿಕ್ದ ಕಳ್ಳ!” ಎಂದು ತೊಡೆ ತಟ್ಟಿದ. “ಹುಣಸೆ ಕಣ್ರಪ್ಪ! ಹುಣಸೆ!”

‘ಕೊ’, ‘ಬ್ಬ’, ‘ರಿ’ ಮೂರೂ ಒಟ್ಟಿಗೆ ಗಂಟಲಿಗೆ ನುಗ್ಗಿ ಬಂದವು. ರೇವಣಸಿದ್ದಯ್ಯ ಹೆಗಲ ಮೇಲಿನ ಟವೆಲ್ಲು ಎಳೆದು ಬಾಯಿಗೆ ತುರುಕಿಕೊಂಡ.