ಹದಿಮೂರು ತಿಂಗಳ ವರ್ಷ

ಗೋದೂಬಾಯಿ ತೀರಿಕೊಂಡದ್ದು ಆಷಾಢದಲ್ಲಿ, ಸೊಲ್ಲಾಪುರದ ಒಂದು ದವಾಖಾನೆಯಲ್ಲಿ. ಕಡೆಯ ದಿನ ಅವರ ಮಾತು ಬಿದ್ದುಹೋಗಿತ್ತು. ಸೊಸೆಯನ್ನು "ವರ..." ಎಂದು ಅರ್ಧಕ್ಕೆ ಕರೆಯುತ್ತಿದ್ದರಂತೆ. ಆ ಹೊತ್ತಿಗೆ ವರದಾ ಗಂಜಿ ತರಲು ಮನೆಗೆ ಹೋಗಿದ್ದಳು.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ದೇವರಿಗೆ ದೀಪ ಹಚ್ಚುವಾಗ, ಅತ್ತೆಯ ಕೋಣೆಯಿಂದ ಅದೇ ಅರ್ಧ ಕರೆ ಬಂತು. ಆಮೇಲೆ ಆಗಾಗ ಬರುತ್ತಲೇ ಇತ್ತು. ಗಂಡ ನಾಗೇಶನಿಗಾಗಲಿ ಮಗಳು ಶರ್ವರಿಗಾಗಲಿ ಕೇಳಿಸುತ್ತಿರಲಿಲ್ಲ.

ತಿಂಗಳ ಮಾಸಿಕಕ್ಕೆ ಅಕ್ಕಲಕೋಟದಿಂದ ಬರುತ್ತಿದ್ದ ಭಟ್ಟರಿಗೆ ವರದಾ ಇದನ್ನು ಹೇಳಿದಳು. ಅವರು ನಗಲಿಲ್ಲ.

"ವರ್ಷ ತುಂಬೋತನಕಾ ಜೀವ ಮನಿ ಸುತ್ತನ ಇರ್ತದವಾ. ಆಮ್ಯಾಲ ಹೋಗ್ತದ. ಕರದ್ರ ಮಾತ್ರ ಓ ಅನಬ್ಯಾಡ."

ಅವಳು ಓ ಅನ್ನಲಿಲ್ಲ. ಕರೆ ಬಂದಾಗಲೆಲ್ಲ ತುಟಿ ಕಚ್ಚಿಕೊಂಡು ಜೋಳದ ಭಕ್ಕರಿ ಬಡಿಯುತ್ತಿದ್ದಳು.

ಯುಗಾದಿ ಪಾಡವಾ ಕಳೆದ ಮೇಲೆ ಭಟ್ಟರು ಹೊಸ ಪಂಚಾಂಗ ತೆರೆದರು. "ಈ ಸಲ ಜ್ಯೇಷ್ಠ ಅಧಿಕ ಬಂದದ. ವರ್ಷಕ್ಕ ಹದಿಮೂರು ತಿಂಗಳು."

ಶರ್ವರಿಯ ಲಗ್ನ ವರ್ಷ ಮುಗಿಯಲೆಂದೇ ಕಾದಿತ್ತು. ನಾಗೇಶ ಬೇಸರದಿಂದ ಬೀಗರಿಗೆ ಫೋನ್ ಹಚ್ಚಿದ. ವರದಾಳಿಗೆ ಮಾತ್ರ, ಹೊರಟುನಿಂತ ನೆಂಟರನ್ನು ಮಳೆ ಹಿಡಿದು ನಿಲ್ಲಿಸಿದಂತಾಯಿತು. ಹಾಗನಿಸಿದ್ದಕ್ಕೇ ಅವಳು ಹೆದರಿದಳು.

ಅಧಿಕ ಮಾಸ ಬಂತು, ಹೋಯಿತು. ಕರೆ ಈಗ ದಿನಾ ಬರುತ್ತಿತ್ತು, ದಿನಾ ಸಣ್ಣದಾಗುತ್ತಿತ್ತು. ವರ್ಷಾಂತಿಕದ ಹಿಂದಿನ ಸಂಜೆ ಬರೀ ಉಸಿರಿನಷ್ಟು ಉಳಿದಿತ್ತು. ವರದಾ ತಡೆಯಲಾರದೆ ಆ ಕೋಣೆಯ ಹೊಸ್ತಿಲಲ್ಲಿ ಕುಳಿತಳು.

"ಓ," ಎಂದಳು. "ಏನ್ರಿ, ಅತ್ಯಾ?"

ಆಮೇಲೆ ಮಂಚದ ಕಡೆಯಿಂದ, ತೊದಲದೆ: "ಇಲ್ಲೇ ಇದ್ದೀಯೇನ?"

"ಇಲ್ಲೇ ಇದ್ದೀನ್ರಿ."

ದೇವರ ದೀಪದ ಎಣ್ಣೆ ತೀರುವತನಕ ವರದಾ ಅಲ್ಲಿಂದ ಏಳಲಿಲ್ಲ.

ಮರುದಿನ ಅಕ್ಕಲಕೋಟದಲ್ಲಿ, ಭಟ್ಟರು ಹೇಳಿದಂತೆ ನಾಗೇಶ ತಾಯಿಯ ಪಿಂಡವನ್ನು ಹಿಂದಿನ ಮೂವರು ಹಿರಿಯರ ಪಿಂಡಗಳಲ್ಲಿ ಕೂಡಿಸಿದ. ಯಾವ ಅನ್ನ ಯಾರದೆಂದು ಆಮೇಲೆ ತಿಳಿಯಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲೇ ಅವನು ಲಗ್ನದ ಮಾತು ತೆಗೆದ.

ವಾರದಲ್ಲಿ ಶರ್ವರಿ ಆ ಕೋಣೆಯ ತುಂಬ ಲಗ್ನದ ಸೀರೆ ಹರವಿದಳು. ತಾಯಿ ಮಗಳು ಮಡಿಸುತ್ತ ಕುಳಿತರು. ಸಂಜೆಯಾಗುತ್ತಿದ್ದಂತೆ ವರದಾಳ ಕೈ ನಡುನಡುವೆ ನಿಲ್ಲುತ್ತಿತ್ತು.

"ಏನಾತು, ಆಯಿ?"

"ಏನಿಲ್ಲ," ಎಂದಳು ವರದಾ. "ನೀ ಒಂದೀಟು ಸುಮ್ಮನಿರು."